ಕ್ರೀಡಾಗ್ರಾಮದಲ್ಲಿ ಲೈಂಗಿಕ ಆರೋಗ್ಯ: ಸಿಯೋಲ್‌ನಿಂದ ಪ್ಯಾರಿಸ್‌ವರೆಗೆ

1988ರ ಸೆಪ್ಟೆಂಬರ್ 19. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಒಲಿಂಪಿಕ್ ಕೂಟ ನಡೆಯುತ್ತಿತ್ತು. ಮೂರು ಮೀಟರ್ ಎತ್ತರದ ಹಲಗೆಯಿಂದ ನೀರಿಗೆ ಧುಮುಕುವ ಸ್ಪರ್ಧೆಯ ಅರ್ಹತಾ ಸುತ್ತು. ಅಮೆರಿಕದ ಗ್ರೆಗ್ ಲೂಗಾನಿಸ್ ಗಾಳಿಯಲ್ಲಿ ಪಲ್ಟಿ ಹೊಡೆದು ಇಳಿಯುವಾಗ ಅವರ ತಲೆ ಹಲಗೆಯ ಅಂಚಿಗೆ ಬಡಿಯಿತು. ಪ್ರೇಕ್ಷಕರು ಉಸಿರು ಬಿಗಿಹಿಡಿದರು. ತಲೆ ಒಡೆದು ರಕ್ತ ಬರುತ್ತಿತ್ತು. ತಂಡದ ವೈದ್ಯರು ಅಲ್ಲೇ ಹೊಲಿಗೆ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಲೂಗಾನಿಸ್ ಮತ್ತೆ ಹಲಗೆ ಏರಿದರು. ಮರುದಿನ ಚಿನ್ನದ ಪದಕ ಗೆದ್ದರು. ಒಂದು ವಾರದ ಬಳಿಕ ಹತ್ತು ಮೀಟರ್ ಎತ್ತರದ ಸ್ಪರ್ಧೆಯಲ್ಲೂ ಚಿನ್ನ ಅವರದಾಯಿತು.

ಜಗತ್ತು ಇದನ್ನು ಧೈರ್ಯದ ಕತೆಯೆಂದು ಕೊಂಡಾಡಿತು. ಆದರೆ ಆ ಕತೆಯ ಅರ್ಧ ಭಾಗ ಹೊರಬರಲು ಏಳು ವರ್ಷ ಬೇಕಾಯಿತು. ಕೂಟಕ್ಕೆ ಆರು ತಿಂಗಳ ಮೊದಲೇ ತನಗೆ ಎಚ್‌ಐವಿ ಸೋಂಕು ತಗಲಿರುವುದು ಲೂಗಾನಿಸ್ ಅವರಿಗೆ ಗೊತ್ತಾಗಿತ್ತು. ಅವರು ಗುಟ್ಟಾಗಿ ಔಷಧಿ ಸೇವಿಸುತ್ತಿದ್ದರು. ಕೋಚ್ ಹಾಗೂ ಕೆಲವೇ ಆಪ್ತರ ಹೊರತು ಯಾರಿಗೂ ವಿಷಯ ತಿಳಿದಿರಲಿಲ್ಲ. ಹೊಲಿಗೆ ಹಾಕಿದ ವೈದ್ಯರ ಕೈಯಲ್ಲಿ ಗ್ಲೌಸ್ ಇರಲಿಲ್ಲ. ಹೇಳಬೇಕೇ, ಬೇಡವೇ ಎಂಬ ಭಯ ಗಾಯದ ನೋವಿಗಿಂತ ದೊಡ್ಡದಾಗಿತ್ತು. ಅವರು ಸುಮ್ಮನಿದ್ದುಬಿಟ್ಟರು. 1995ರಲ್ಲಿ ಅವರೇ ಇದನ್ನು ಬಹಿರಂಗಪಡಿಸಿದರು. ಅದೃಷ್ಟಕ್ಕೆ ಆ ವೈದ್ಯರಿಗೆ ಸೋಂಕು ತಗಲಿರಲಿಲ್ಲ. ಕ್ಲೋರಿನ್ ಬೆರೆತ ಅಷ್ಟೊಂದು ನೀರಿನಲ್ಲಿ ಇತರ ಸ್ಪರ್ಧಿಗಳಿಗೆ ಅಪಾಯವಿರಲಿಲ್ಲ ಎಂದು ತಜ್ಞರು ಹೇಳಿದರು.

ಈ ಘಟನೆಯನ್ನು ನಾವು ಮೊದಲಿಗೇ ನೆನೆಯಲು ಕಾರಣವಿದೆ. ಒಲಿಂಪಿಕ್ ಕ್ರೀಡಾಗ್ರಾಮದಲ್ಲಿ ಸಂಘಟಕರು ಕ್ರೀಡಾಪಟುಗಳಿಗೆ ಉಚಿತವಾಗಿ ಕಾಂಡೋಮ್ ಹಂಚಿದ್ದು ಇದೇ ಸಿಯೋಲ್ ಕೂಟದಲ್ಲಿ ಮೊದಲು. ಆಗ ಇಟ್ಟದ್ದು ಸುಮಾರು 8,500. ಬಂದಿದ್ದ ಸ್ಪರ್ಧಿಗಳು ಸುಮಾರು 8,400. ತಲೆಗೊಂದು ಎಂದಿಟ್ಟುಕೊಳ್ಳೋಣ. ಒಂದೆಡೆ ರೋಗ ತಡೆಯುವ ಪೊಟ್ಟಣ ಎಲ್ಲರಿಗೂ ಸಿಗುತ್ತಿತ್ತು. ಇನ್ನೊಂದೆಡೆ ರೋಗವಿದೆ ಎಂದು ಹೇಳಿಕೊಳ್ಳಲು ಒಬ್ಬ ಸ್ಪರ್ಧಿಗೆ ಎಡೆಯೇ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಕ್ರೀಡಾಪಟುಗಳ ಲೈಂಗಿಕ ಆರೋಗ್ಯದ ಚರಿತ್ರೆ ಈ ಎರಡರ ನಡುವಿನ ಅಂತರದ ಚರಿತ್ರೆಯೇ ಆಗಿದೆ.

ಭಯದ ಕಾಲ

ಕ್ರೀಡಾಗ್ರಾಮ ಎಂಬ ಕಲ್ಪನೆ ಹಳೆಯದು. 1932ರ ಲಾಸ್ ಏಂಜಲೀಸ್ ಕೂಟದಲ್ಲಿ ಪುರುಷ ಸ್ಪರ್ಧಿಗಳಿಗಾಗಿ ಗುಡ್ಡದ ಮೇಲೆ ನೂರಾರು ಪುಟ್ಟ ಮನೆಗಳನ್ನು ಕಟ್ಟಲಾಗಿತ್ತು. ಮಹಿಳೆಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರನ್ನು ನಗರದ ಒಂದು ಹೋಟೆಲಿನಲ್ಲಿ ಇರಿಸಲಾಗಿತ್ತು. ಕಾಲ ಕಳೆದಂತೆ ಇಬ್ಬರೂ ಒಂದೇ ಗ್ರಾಮದಲ್ಲಿ ಉಳಿಯತೊಡಗಿದರು. ಇಪ್ಪತ್ತರ ಹರೆಯದ, ವರ್ಷಗಟ್ಟಲೆ ಕಟ್ಟುನಿಟ್ಟಿನ ತರಬೇತಿಯಲ್ಲಿ ಬೆಂದ ಸಾವಿರಾರು ಯುವಕ ಯುವತಿಯರು ಮೂರು ವಾರ ಒಂದೇ ಕಡೆ ಇರುತ್ತಾರೆ. ಮನೆಯವರು ದೂರ. ಸ್ಪರ್ಧೆ ಮುಗಿದವರಿಗೆ ಮನಸ್ಸಿನ ಬಿಗಿ ಸಡಿಲವಾಗುತ್ತದೆ. ಅಲ್ಲಿ ಸ್ನೇಹವೂ ಹುಟ್ಟುತ್ತದೆ, ಪ್ರೇಮವೂ ಹುಟ್ಟುತ್ತದೆ, ತಪ್ಪುಗಳೂ ಆಗುತ್ತವೆ. ಇದನ್ನು ಸಂಘಟಕರು ಬಲ್ಲವರಾಗಿದ್ದರೂ ಎಂಬತ್ತರ ದಶಕದವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡಿಸಿದ್ದು ಏಡ್ಸ್. 1981ರಲ್ಲಿ ಅಮೆರಿಕದಲ್ಲಿ ಮೊದಲ ಪ್ರಕರಣಗಳು ವರದಿಯಾದವು. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನಿತಿ ಸೋಲೊಮನ್ ಅವರ ತಂಡ ಭಾರತದ ಮೊದಲ ಎಚ್‌ಐವಿ ಪ್ರಕರಣಗಳನ್ನು ಗುರುತಿಸಿತು. ಕೈ ಕುಲುಕಿದರೆ ಬರುತ್ತದೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುತ್ತದೆ ಎಂಬ ಸುಳ್ಳುಗಳು ನಮ್ಮೂರುಗಳಲ್ಲೂ ಹರಿದಾಡಿದ ಕಾಲವದು. ಮುಂದುವರಿದ ದೇಶಗಳೂ ಇದಕ್ಕೆ ಹೊರತಾಗಿರಲಿಲ್ಲ. ಎಚ್‌ಐವಿ ಸೋಂಕಿತ ವಿದೇಶಿಯರು ತನ್ನ ನೆಲಕ್ಕೆ ಕಾಲಿಡಬಾರದೆಂದು ಅಮೆರಿಕ 1987ರಲ್ಲಿ ತಂದ ನಿರ್ಬಂಧ 2010ರ ಆರಂಭದವರೆಗೂ ಇತ್ತು. ವಿಷಯ ಗೊತ್ತಾಗಿದ್ದರೆ ತನಗೆ ಕೊರಿಯಾದೊಳಗೆ ಪ್ರವೇಶವೇ ಸಿಗುತ್ತಿರಲಿಲ್ಲ ಎಂದು ಲೂಗಾನಿಸ್ ನಂತರ ಹೇಳಿದ್ದಾರೆ. ಹೀಗಿರುವಾಗ ಅವರ ಮೌನವನ್ನು ಅವರೊಬ್ಬರ ತಪ್ಪೆಂದು ಹೇಳಲಾದೀತೇ?

1991ರ ನವೆಂಬರ್ 7ರಂದು ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಪತ್ರಕರ್ತರನ್ನು ಕರೆದು ತನಗೆ ಎಚ್‌ಐವಿ ಇದೆ ಎಂದು ಘೋಷಿಸಿದರು. 1992ರ ಬಾರ್ಸಿಲೋನಾ ಒಲಿಂಪಿಕ್‌ನಲ್ಲಿ ಆಡಬೇಕೆಂಬುದು ಅವರ ಹಂಬಲ. ಅವರೊಂದಿಗೆ ಆಡುವುದು ಸುರಕ್ಷಿತವೇ ಎಂಬ ಆಕ್ಷೇಪ ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ವಲಯದಿಂದ ಕೇಳಿಬಂತು. ಆಟದ ಮೈದಾನದಲ್ಲಿ ಸೋಂಕು ಹರಡುವ ಸಂಭವ ತೀರಾ ಕಡಿಮೆ ಎಂದು ವೈದ್ಯರು ಹೇಳಿದರು. ಜಾನ್ಸನ್ ಆಡಿದರು, ತಂಡ ಚಿನ್ನ ಗೆದ್ದಿತು. ಆದರೆ ಅದೇ ವರ್ಷ ಸ್ವದೇಶದ ವೃತ್ತಿಪರ ಲೀಗ್‌ಗೆ ಮರಳಲು ಹೊರಟಾಗ ಸಹ ಆಟಗಾರರ ಆತಂಕದಿಂದಾಗಿ ಅವರು ಹಿಂದೆ ಸರಿಯಬೇಕಾಯಿತು.

ಅದೇ 1992ರ ಏಪ್ರಿಲ್‌ನಲ್ಲಿ ಟೆನಿಸ್‌ನ ಆರ್ಥರ್ ಆ್ಯಷ್ ಕೂಡ ತನ್ನ ಕಾಯಿಲೆಯನ್ನು ಪ್ರಕಟಿಸಿದರು. 1975ರಲ್ಲಿ ವಿಂಬಲ್ಡನ್ ಗೆದ್ದ ಈ ಸಜ್ಜನನಿಗೆ ಸೋಂಕು ತಗಲಿದ್ದು ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ. ಪತ್ರಿಕೆಯೊಂದು ಸುದ್ದಿ ಬೆನ್ನಟ್ಟಿದ್ದರಿಂದ ಅವರು ತಾವಾಗಿಯೇ ಹೇಳಬೇಕಾಯಿತು. 1993ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮೂವರ ಮೂರು ದಾರಿ. ಮೂವರಿಗೂ ಎದುರಾದದ್ದು ಒಂದೇ ಗೋಡೆ. ಹೇಳಿದರೆ ಜನ ದೂರ ಸರಿಯುತ್ತಾರೆ ಎಂಬ ಗೋಡೆ.

ಏರಿದ ಲೆಕ್ಕ, ಹಬ್ಬಿದ ನಗು

ಬಾರ್ಸಿಲೋನಾದಲ್ಲಿ ಕಾಂಡೋಮ್‌ಗಳ ಸಂಖ್ಯೆ ಸುಮಾರು 90,000ಕ್ಕೆ ಏರಿತು. 2000ದ ಸಿಡ್ನಿಯಲ್ಲಿ ತರಿಸಿದ್ದ 70,000 ಸಾಲದೆ ಮತ್ತೆ 20,000 ತರಿಸಬೇಕಾಯಿತು. 2012ರ ಲಂಡನ್‌ನಲ್ಲಿ 1.5 ಲಕ್ಷ. 2016ರ ರಿಯೊದಲ್ಲಿ 4.5 ಲಕ್ಷ, ಅದರಲ್ಲಿ 1 ಲಕ್ಷ ಮಹಿಳೆಯರು ಬಳಸುವಂಥವು. ಬ್ರೆಜಿಲ್‌ನಲ್ಲಿ ಆ ವರ್ಷ ಜೀಕಾ ವೈರಸ್ ಹಬ್ಬಿತ್ತು. ಸೊಳ್ಳೆಯಿಂದ ಬರುವ ಆ ಸೋಂಕು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಗರ್ಭಿಣಿಗೆ ತಗಲಿದರೆ ಹುಟ್ಟುವ ಮಗುವಿನ ಮೆದುಳಿಗೆ ಹಾನಿಯಾಗಬಹುದು. ಕೂಟದಿಂದ ಮರಳಿದ ಮೇಲೂ ಎಚ್ಚರಿಕೆಯಿಂದಿರುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿತ್ತು.

ಕ್ರೀಡಾಲೋಕದ ಈ ಕೆಲಸಕ್ಕೆ ಸಾಂಸ್ಥಿಕ ರೂಪ ಬಂದದ್ದು 2004ರಲ್ಲಿ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಮತ್ತು ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಆ ವರ್ಷ ಒಪ್ಪಂದ ಮಾಡಿಕೊಂಡವು. ತರಬೇತುದಾರರಿಗೆ ಮತ್ತು ಆಟಗಾರರಿಗೆ ತಿಳಿವಳಿಕೆ ನೀಡುವ ಕೈಪಿಡಿಯೂ ಬಂತು. ಹಂಚುವುದು ಮಾತ್ರವಲ್ಲ, ಹೇಳಿಕೊಡುವುದೂ ಬೇಕು ಎಂಬ ಅರಿವು ಆಗ ಮೂಡಿತು.

ಆದರೆ ಪತ್ರಿಕೆಗಳಿಗೆ ಬೇಕಾದದ್ದು ಲೆಕ್ಕ ಮಾತ್ರ. ಪ್ರತಿ ಕೂಟದಲ್ಲೂ ಎಷ್ಟು ಲಕ್ಷ ಹಂಚಿದರು ಎಂಬುದು ತಮಾಷೆಯ ಸುದ್ದಿಯಾಗುತ್ತದೆ. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ಕ್ರೀಡಾಗ್ರಾಮದಲ್ಲಿ ಬಳಸಿ ಎಸೆದ ಕಾಂಡೋಮ್‌ಗಳಿಂದ ಚರಂಡಿ ಕಟ್ಟಿಕೊಂಡಿತೆಂಬ ಸುದ್ದಿ ನಮ್ಮ ದೇಶದ ತುಂಬ ನಗೆಪಾಟಲಾಯಿತು. ಕಾಮನ್‌ವೆಲ್ತ್ ಕ್ರೀಡಾ ಒಕ್ಕೂಟದ ಅಧ್ಯಕ್ಷರಾಗಿದ್ದ ಮೈಕ್ ಫೆನೆಲ್ ಮಾತ್ರ ನಗಲಿಲ್ಲ. ಹಾಗಿದ್ದರೆ ಅದು ಕ್ರೀಡಾಪಟುಗಳು ಜವಾಬ್ದಾರಿಯಿಂದ ನಡೆದುಕೊಂಡಿದ್ದಾರೆ ಎಂಬುದರ ಸೂಚನೆ ಎಂಬರ್ಥದ ಉತ್ತರ ಕೊಟ್ಟರು. 1968ರಿಂದಲೇ ಸರಕಾರಿ ‘ನಿರೋಧ್’ ಮಾರುತ್ತಾ ಬಂದ ದೇಶದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಇಲ್ಲೊಂದು ಆಕ್ಷೇಪವನ್ನು ನಾವು ಗಂಭೀರವಾಗಿಯೇ ಪರಿಗಣಿಸಬೇಕು. ಹೀಗೆ ಹಂಚುವುದು ಸ್ವೇಚ್ಛಾಚಾರಕ್ಕೆ ಪರವಾನಿಗೆ ಕೊಟ್ಟಂತಲ್ಲವೇ ಎಂದು ಅನೇಕ ಹಿರಿಯರು ಕೇಳುತ್ತಾರೆ. ಮನೆಯ ಮಕ್ಕಳನ್ನು ದೂರದ ದೇಶಕ್ಕೆ ಕಳುಹಿಸುವ ತಂದೆತಾಯಿಯ ಈ ಕಳವಳವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಲಕ್ಷದ ಲೆಕ್ಕವನ್ನು ನಡತೆಯ ಲೆಕ್ಕವೆಂದು ಓದುವುದೂ ತಪ್ಪು. ಒಲಿಂಪಿಕ್ ಗುರುತಿರುವ ಪೊಟ್ಟಣವನ್ನು ನೆನಪಿನ ಕಾಣಿಕೆಯಾಗಿ ಒಯ್ಯುವವರು ಬಹಳ. ಕೋವಿಡ್ ಕಾರಣದಿಂದ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸ್ಪರ್ಧಿಗಳು ಒಬ್ಬರಿಗೊಬ್ಬರು ದೂರವಿರಬೇಕೆಂಬ ನಿಯಮವಿತ್ತು. ಅಲ್ಲಿ ಸುಮಾರು 1.5 ಲಕ್ಷ ಕಾಂಡೋಮ್‌ಗಳನ್ನು ಊರಿಗೆ ಹೊರಡುವಾಗ ಕೈಗಿತ್ತು, ಇವು ಇಲ್ಲಿ ಬಳಸಲಿಕ್ಕಲ್ಲ, ನಿಮ್ಮೂರಲ್ಲಿ ಜಾಗೃತಿ ಮೂಡಿಸಲಿಕ್ಕೆ ಎಂದು ಸಂಘಟಕರು ಹೇಳಿದರು. ಸಂಯಮವನ್ನು ಕಲಿಸುವುದು ಮನೆಯ, ಗುರುಹಿರಿಯರ ಕೆಲಸ. ಸಂಯಮ ತಪ್ಪಿದ ಒಂದು ಗಳಿಗೆಗೆ ಜೀವನಪೂರ್ತಿ ಕಾಯಿಲೆಯ ಶಿಕ್ಷೆ ಬೀಳದಂತೆ ನೋಡುವುದು ವೈದ್ಯರ ಕೆಲಸ. ಒಂದು ಇನ್ನೊಂದಕ್ಕೆ ವಿರೋಧವಲ್ಲ.

ಪರೀಕ್ಷೆಗೆ ನಿಂತ ದೇಹ

ಹೀಗೆ ಕಾಂಡೋಮ್ ಹಂಚಲು ಹೊರಟ ಕ್ರೀಡಾಡಳಿತ ಅದಕ್ಕೂ ಮೊದಲು ಹೆಣ್ಣಿನ ದೇಹವನ್ನು ಕಂಡ ಬಗೆ ನೆನೆದರೆ ಮನಸ್ಸು ಮುದುಡುತ್ತದೆ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಸ್ಪರ್ಧಿ ಹೆಣ್ಣೇ ಎಂದು ಖಚಿತಪಡಿಸಿಕೊಳ್ಳಲು ಮಹಿಳೆಯರನ್ನು ಬಟ್ಟೆಯಿಲ್ಲದೆ ವೈದ್ಯರ ಮುಂದೆ ನಡೆಸಲಾಯಿತು. 1968ರ ಮೆಕ್ಸಿಕೊ ಒಲಿಂಪಿಕ್‌ನಿಂದ ವರ್ಣತಂತುಗಳ ಪರೀಕ್ಷೆ ಬಂತು. ಹೆಣ್ಣಾಗಿಯೇ ಹುಟ್ಟಿ ಬೆಳೆದವರ ಬದುಕು ಕೂಡ ಒಂದು ಕಾಗದದ ವರದಿಯಿಂದ ಬೀದಿಗೆ ಬಂದ ಪ್ರಕರಣಗಳು ನಡೆದವು. ಟೀಕೆ ಹೆಚ್ಚಿದಾಗ 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲ ಮಹಿಳೆಯರಿಗೂ ಕಡ್ಡಾಯವಾಗಿದ್ದ ಈ ಪರೀಕ್ಷೆಯನ್ನು ಕೈಬಿಟ್ಟಿತು.

ಕಡ್ಡಾಯ ಹೋದರೂ ಸಂಶಯ ಬಂದಾಗ ಪರೀಕ್ಷಿಸುವ ಪದ್ಧತಿ ಉಳಿಯಿತು. ನಮ್ಮ ನೆರೆಯ ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಕೂಲಿ ಕಾರ್ಮಿಕರ ಮಗಳು. ಪರೀಕ್ಷೆಯ ಬಳಿಕ ಪದಕ ಕಿತ್ತುಕೊಳ್ಳಲಾಯಿತು. ಅವರ ದೇಹದ ಗುಟ್ಟು ಟಿವಿಗಳಲ್ಲಿ ಚರ್ಚೆಯಾಯಿತು. ಬದುಕೇ ಬೇಡವೆನಿಸುವಷ್ಟು ಅವರು ಕುಗ್ಗಿಹೋದರು. ನಂತರ ಚೇತರಿಸಿಕೊಂಡು ಮಕ್ಕಳಿಗೆ ಓಟ ಕಲಿಸುವ ಕೋಚ್ ಆದದ್ದು ಅವರ ದೊಡ್ಡತನ. ಒಡಿಶಾದ ದ್ಯುತಿ ಚಂದ್ ಅವರನ್ನು 2014ರಲ್ಲಿ ಕಾಮನ್‌ವೆಲ್ತ್ ಕೂಟಕ್ಕೆ ಮುನ್ನ ಹೊರಗಿಟ್ಟಾಗ ಅವರು ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿ 2015ರಲ್ಲಿ ಆಗಿನ ನಿಯಮಕ್ಕೇ ತಡೆ ತಂದರು. ಅನಂತರ ನಿಯಮಗಳು ಹಲವು ಸಲ ಬದಲಾದವು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ಸ್ಪರ್ಧಿಗಳಿಗೆ ವಂಶವಾಹಿ ಪರೀಕ್ಷೆಯನ್ನು ಮತ್ತೆ ಜಾರಿಗೆ ತಂದಿದೆ.

ಸ್ಪರ್ಧೆ ನ್ಯಾಯವಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆ ನ್ಯಾಯದ ಗೆರೆ ಎಲ್ಲಿ ಎಂಬ ವಾದ ಬೇಗ ಮುಗಿಯುವಂಥದ್ದೂ ಅಲ್ಲ. ಆದರೆ ಪರೀಕ್ಷೆಗೆ ಒಳಗಾದ ಹುಡುಗಿಗೆ ವಿಷಯವನ್ನು ಅವಳ ಭಾಷೆಯಲ್ಲಿ, ಗುಟ್ಟಾಗಿ, ಸಮಾಧಾನದಿಂದ ತಿಳಿಸುವ ಒಬ್ಬ ವೈದ್ಯೆ ಇರಬೇಕು ಎಂಬುದಕ್ಕೆ ಯಾವ ವಾದ ಬೇಕು? ಶಾಂತಿಗೆ ಅಂಥ ಒಬ್ಬರು ಸಿಕ್ಕಿರಲಿಲ್ಲ.

ಬೇಲಿಯೇ ಹೊಲ ಮೇಯ್ದಾಗ

ಲೈಂಗಿಕ ಆರೋಗ್ಯವೆಂದರೆ ರೋಗ ಬಾರದಿರುವುದು ಮಾತ್ರವಲ್ಲ. ಒಪ್ಪಿಗೆಯಿಲ್ಲದೆ ಯಾರೂ ಮೈ ಮುಟ್ಟದಿರುವುದು ಕೂಡ. 2007ರಲ್ಲಿ ಒಲಿಂಪಿಕ್ ಸಮಿತಿ ಕ್ರೀಡೆಯಲ್ಲಿ ಲೈಂಗಿಕ ಕಿರುಕುಳ ಹಾಗೂ ದೌರ್ಜನ್ಯದ ಬಗ್ಗೆ ತಜ್ಞರ ಹೇಳಿಕೆಯೊಂದನ್ನು ಅಂಗೀಕರಿಸಿತು. ಎಲ್ಲ ಆಟಗಳಲ್ಲೂ, ಎಲ್ಲ ಹಂತಗಳಲ್ಲೂ ಇದು ನಡೆಯುತ್ತದೆ ಎಂದು ಅದು ಒಪ್ಪಿಕೊಂಡಿತು. ಕಾಗದದ ಮೇಲೆ ಬರೆದದ್ದು ಮೈದಾನಕ್ಕೆ ಇಳಿಯಲಿಲ್ಲ.

2012ರ ಲಂಡನ್ ಕೂಟಕ್ಕೆ ಅಮೆರಿಕದ ಮಹಿಳಾ ಜಿಮ್ನಾಸ್ಟಿಕ್ಸ್ ತಂಡದೊಂದಿಗೆ ಹೋಗಿದ್ದ ವೈದ್ಯ ಲ್ಯಾರಿ ನಾಸರ್. ಚಿಕಿತ್ಸೆಯ ನೆಪದಲ್ಲಿ ಈತ ಹತ್ತಾರು ವರ್ಷಗಳಿಂದ ಬಾಲಕಿಯರ ಮೇಲೆ ದೌರ್ಜನ್ಯ ಎಸಗುತ್ತಿದ್ದ. ಲಂಡನ್‌ನಲ್ಲೂ ಇದು ನಡೆದಿತ್ತೆಂದು ಚಿನ್ನ ಗೆದ್ದ ತಂಡದ ಮೆಕೈಲಾ ಮರೋನಿ 2017ರಲ್ಲಿ ಹೇಳಿದರು. 2016ರಲ್ಲಿ ರೇಚಲ್ ಡೆನ್‌ಹಾಲಂಡರ್ ಎಂಬ ಮಾಜಿ ಜಿಮ್ನಾಸ್ಟ್ ತನ್ನ ಹೆಸರು ಹೇಳಿಕೊಂಡು ಮಾತನಾಡಿದ ಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಹಿಳೆಯರು ತಮ್ಮ ನೋವನ್ನು ಹೇಳಿಕೊಂಡರು. ನಾಸರ್‌ಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದಕ್ಕೂ ಮುಂಚೆ ದೂರು ಹೇಳಿದವರು ಇರಲಿಲ್ಲವೆಂದಲ್ಲ, ಕೇಳಿಸಿಕೊಂಡವರು ಇರಲಿಲ್ಲ.

ಲಂಡನ್ ಕ್ರೀಡಾಗ್ರಾಮದಲ್ಲಿ 1.5 ಲಕ್ಷ ಕಾಂಡೋಮ್‌ಗಳಿದ್ದವು ಎಂದು ಆಗಲೇ ಹೇಳಿದೆವು. ಅವು ಈ ಹುಡುಗಿಯರನ್ನು ಕಾಪಾಡುವಂತಿರಲಿಲ್ಲ. ಕಾಯಬೇಕಾದ ವೈದ್ಯನೇ ಅಪಾಯವಾಗಿದ್ದಾಗ ಅವರಿಗೆ ಬೇಕಾಗಿದ್ದದ್ದು ತಂಡಕ್ಕೆ ಸೇರದ, ಆಯ್ಕೆ ಸಮಿತಿಯ ಹಂಗಿಲ್ಲದ, ಭಯವಿಲ್ಲದೆ ಹೋಗಿ ದೂರಬಹುದಾದ ಒಬ್ಬ ಮನುಷ್ಯ. 2016ರ ರಿಯೊ ಕೂಟದಲ್ಲಿ ಮೊದಲ ಬಾರಿಗೆ, ಕೂಟ ನಡೆಯುತ್ತಿರುವಾಗಲೇ ಇಂಥ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಒಲಿಂಪಿಕ್ ಸಮಿತಿ ಮಾಡಿತು. ಮುಂದಿನ ಕೂಟಗಳಲ್ಲೂ ಅದು ಮುಂದುವರಿಯಿತು. ಸಿಯೋಲ್‌ನ ಮೊದಲ ಪೊಟ್ಟಣಕ್ಕೂ ಇದಕ್ಕೂ ನಡುವೆ 28 ವರ್ಷ.

ಇದು ಪರದೇಶದ ಕತೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. 2023ರ ಜನವರಿಯಲ್ಲಿ, ಮತ್ತೆ ಏಪ್ರಿಲ್‌ನಿಂದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಮೊದಲಾದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಒಲಿಂಪಿಕ್ ಪದಕ ತಂದವರು ರಾತ್ರಿ ಬೀದಿಬದಿಯಲ್ಲಿ ಮಲಗಿದರು. ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ವಿರುದ್ಧ ಅವರು ಮಾಡಿದ ಲೈಂಗಿಕ ಕಿರುಕುಳದ ಆರೋಪಕ್ಕೆ ಎಫ್‌ಐಆರ್ ದಾಖಲಾಗಲು ಸುಪ್ರೀಂ ಕೋರ್ಟಿನ ಕದ ತಟ್ಟಬೇಕಾಯಿತು. ಆರೋಪದ ಸತ್ಯಾಸತ್ಯ ನ್ಯಾಯಾಲಯ ತೀರ್ಮಾನಿಸುವ ವಿಷಯ. ನಮ್ಮ ಪ್ರಶ್ನೆ ಬೇರೆ. ದೂರು ಹೇಳಲು ಬೀದಿಗೇ ಬರಬೇಕಾದ ಪರಿಸ್ಥಿತಿ ಯಾಕೆ ಬಂತು?

ಕಾನೂನು ಇಲ್ಲದೆ ಅಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ‘ಕೆಲಸದ ಸ್ಥಳ’ ಎಂದರೆ ಯಾವುದೆಂದು ಪಟ್ಟಿ ಮಾಡುವಾಗ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆ ನಡೆಯುವ ಜಾಗಗಳನ್ನು ಸ್ಪಷ್ಟವಾಗಿ ಹೆಸರಿಸಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಆದರೂ 2023ರ ಮೇ ತಿಂಗಳಲ್ಲಿ ಹಲವು ಕ್ರೀಡಾ ಒಕ್ಕೂಟಗಳಲ್ಲಿ ಸರಿಯಾದ ಸಮಿತಿಯೇ ಇಲ್ಲವೆಂಬ ವರದಿ ಬಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ನೀಡಬೇಕಾಯಿತು. ಕಾಯಿದೆ ಬಂದು ಆಗ ಹತ್ತು ವರ್ಷ ಕಳೆದಿತ್ತು.

ಸಣ್ಣ ಮಾತು, ದೊಡ್ಡ ಬದಲಾವಣೆ

ಆದರೂ ಬದಲಾವಣೆ ಆಗಿದೆ. ರಿಯೊದಲ್ಲಿ ಚೀನಾದ ಈಜುಗಾತಿ ಫು ಯುವಾನ್‌ಹುಯಿ ರಿಲೇ ಸ್ಪರ್ಧೆಯ ಬಳಿಕ, ಹಿಂದಿನ ದಿನ ತನಗೆ ಮುಟ್ಟು ಶುರುವಾಗಿದ್ದರಿಂದ ಬಳಲಿಕೆಯಿತ್ತು ಎಂದು ಟಿವಿ ಕ್ಯಾಮರಾದ ಎದುರೇ ಸಹಜವಾಗಿ ಹೇಳಿದರು. ಪುರುಷ ಕೋಚ್‌ಗಳ ಮುಂದೆ ಬಾಯಿ ಕಟ್ಟಿಕೊಂಡಿದ್ದ ಎಷ್ಟೋ ಹುಡುಗಿಯರಿಗೆ ಆ ಒಂದು ಮಾತು ಬಲ ಕೊಟ್ಟಿರಬೇಕು. ಟೋಕಿಯೊ ಕೂಟಕ್ಕೆ ಮೊಲೆಹಾಲು ಕುಡಿಯುವ ಕೂಸನ್ನು ಕರೆತರಲು ತಾಯಂದಿರು ಹೋರಾಡಿ ಅನುಮತಿ ಪಡೆದರು. 2024ರ ಪ್ಯಾರಿಸ್ ಕ್ರೀಡಾಗ್ರಾಮದಲ್ಲಿ, ಓಟಗಾರ್ತಿ ಆ್ಯಲಿಸನ್ ಫೆಲಿಕ್ಸ್ ಅವರ ಮುತುವರ್ಜಿಯಿಂದ, ತಾಯಂದಿರು ಮಕ್ಕಳೊಂದಿಗೆ ಇರಲು ಶಿಶುಗೃಹ ತೆರೆಯಿತು. ಅಲ್ಲಿ 2 ಲಕ್ಷಕ್ಕೂ ಹೆಚ್ಚು ಕಾಂಡೋಮ್‌ಗಳೂ ಇದ್ದವು. ಪತ್ರಿಕೆಗಳು ಮೊದಲು ಬರೆದದ್ದು ಯಾವುದನ್ನು ಎಂದು ಓದುಗರಿಗೆ ಹೇಳಬೇಕಾಗಿಲ್ಲ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿನಲ್ಲಿ ನಡೆಯಲಿದೆ. ದೆಹಲಿಯ ಬಳಿಕ ಇಪ್ಪತ್ತು ವರ್ಷಗಳಿಗೆ ನಾವು ಮತ್ತೆ ಆತಿಥೇಯರು. ಆಗಲೂ ಎಷ್ಟು ಹಂಚಿದರು ಎಂಬ ಲೆಕ್ಕ ಬರುತ್ತದೆ, ನಗುವೂ ಬರುತ್ತದೆ. ನಾವು ಕೇಳಬೇಕಾದ ಲೆಕ್ಕ ಬೇರೆ. ಗ್ರಾಮದ ಚಿಕಿತ್ಸಾಲಯದಲ್ಲಿ ಮಹಿಳಾ ವೈದ್ಯರು ಎಷ್ಟು ಮಂದಿ? ಗುಟ್ಟು ಕಾಯುವ ಪರೀಕ್ಷೆ, ಆಪ್ತ ಸಮಾಲೋಚನೆ ಇದೆಯೇ? ಹಳ್ಳಿಯಿಂದ ಬಂದ ಹದಿನೇಳರ ಹುಡುಗಿಗೆ ಅವಳ ಭಾಷೆಯಲ್ಲಿ ಮಾತನಾಡುವವರು ಇದ್ದಾರೆಯೇ? ಕೋಚ್‌ನ ಮೇಲೆಯೇ ದೂರಿದ್ದರೆ ಅವಳು ಯಾರ ಬಳಿ ಹೋಗಬೇಕು? ಈ ಪ್ರಶ್ನೆಗಳನ್ನು 2030ರವರೆಗೆ ಕಾಯದೆ ನಮ್ಮ ಜಿಲ್ಲೆಗಳ ಕ್ರೀಡಾ ವಸತಿನಿಲಯಗಳಲ್ಲಿ ಇಂದೇ ಕೇಳಬಹುದು. ಅಂತಾರಾಷ್ಟ್ರೀಯ ಕೂಟಕ್ಕೆ ಹೋಗುವವರು ಮೊದಲು ಬೆಳೆಯುವುದು ಅಲ್ಲೇ ತಾನೇ?

ಸಿಯೋಲ್‌ನ ಆ ದಿನ ಲೂಗಾನಿಸ್ ಅವರಿಗೆ ಕೊರತೆಯಾಗಿದ್ದದ್ದು ಔಷಧಿಯಲ್ಲ, ಒಳ್ಳೆಯ ವೈದ್ಯರೂ ಅಲ್ಲ. ಹೊಲಿಗೆ ಹಾಕುವ ವೈದ್ಯರಿಗೆ ‘ಡಾಕ್ಟ್ರೇ, ಗ್ಲೌಸ್ ಹಾಕಿಕೊಳ್ಳಿ’ ಎಂದು ಹೇಳುವಷ್ಟು ಅಭಯ ಅವರಿಗೆ ಇರಲಿಲ್ಲ. ಆ ಒಂದು ಮಾತಿನಿಂದ ವೈದ್ಯರ ಆತಂಕವೂ ತಪ್ಪುತ್ತಿತ್ತು, ರೋಗಿಯ ಏಳು ವರ್ಷಗಳ ಅಳುಕೂ ತಪ್ಪುತ್ತಿತ್ತು. ಅಂಥ ಅಭಯವನ್ನು ಯಾವ ಕಾರ್ಖಾನೆಯಿಂದಲೂ ತರಿಸಲಾಗದು. ಅದನ್ನು ನಾವೇ, ನಮ್ಮ ಮನೆಗಳಲ್ಲಿ, ಶಾಲೆಯ ಮೈದಾನಗಳಲ್ಲಿ ಮೊದಲು ಬೆಳೆಸಬೇಕಾಗಿದೆ.